ಸಾಲ್ಟ್ ಕ್ರೀಕ್ ಹುಲಿ ಜೀರುಂಡೆ: ಸಾಕಿದ ಮರಿಗಳನ್ನು ಬಯಲಿಗೆ ಬಿಡಬೇಕೆ?

ಪರ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಆಸುಪಾಸಿನ ಚೌಳು ಜೌಗು ಬಿಟ್ಟರೆ ಈ ಜೀರುಂಡೆ ಇನ್ನೆಲ್ಲೂ ಇಲ್ಲ. 2005ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಈಗಿನ ಅದರ ಮುಖ್ಯ ನೆಲೆ ಲಿಟಲ್ ಸಾಲ್ಟ್ ಕ್ರೀಕ್ ಎಂಬ ಹಳ್ಳದ ದಂಡೆ. ಒಂದು ದೊಡ್ಡ ನೆರೆ ಬಂದು ಆ ದಂಡೆ ಕುಸಿದರೆ ಕಥೆ ಮುಗಿಯಿತು. ಎರಡನೇ ನೆಲೆಯೊಂದು ಬೇಕೇಬೇಕು.

ಸಾಕುವುದು ತಾಳ್ಮೆಯ ಕೆಲಸ, ಆಗದ ಕೆಲಸವಲ್ಲ. ಬೇಸಿಗೆಯಲ್ಲಿ ಹಿಡಿದ ಜೋಡಿಗಳನ್ನು ತೇವದ ಚೌಳು ಮಣ್ಣು ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ಹೆಣ್ಣು ಅದರಲ್ಲೇ ಮೊಟ್ಟೆ ಇಡುತ್ತದೆ. ಮರಿಹುಳುಗಳನ್ನು ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ಪ್ರತಿಯೊಂದಕ್ಕೂ ಮಣ್ಣು ತುಂಬಿದ ಬೇರೆ ಕೊಳವೆ. ಚಳಿಗಾಲ ಬಂದಾಗ ತಣ್ಣಗಿಡಬೇಕು. ಬಯಲಿನಲ್ಲಾದರೆ ಪರಾವಲಂಬಿ ನೊಣ, ಕಣಜಗಳ ಕಾಟಕ್ಕೆ ಎಷ್ಟೋ ಮರಿಗಳು ಬಲಿಯಾಗುತ್ತವೆ. ಕೊಳವೆಯೊಳಗೆ ಆ ಭಯವಿಲ್ಲ. ಒಮಾಹಾದ ಹೆನ್ರಿ ಡೋರ್ಲಿ ಮೃಗಾಲಯ, ಲಿಂಕನ್‌ನ ಮಕ್ಕಳ ಮೃಗಾಲಯ ಎರಡೂ ಈ ಕೆಲಸಕ್ಕೆ ಕೈಹಾಕಿವೆ. ನೆಲ ಪೂರ್ತಿ ಸುಧಾರಿಸಲಿ ಎಂದು ಕಾಯುತ್ತ ಕೂತರೆ ಬಿಡಲು ಜೀರುಂಡೆಯೇ ಉಳಿಯದು.

ವಿರೋಧ

ಬಿಡುವುದು ಸರಿ, ಎಲ್ಲಿಗೆ? ಮರಿಹುಳು ನೆಟ್ಟಗಿನ ಬಿಲ ತೋಡಿ, ಅದರ ಬಾಯಿಗೆ ಮುಚ್ಚಳದಂತೆ ತಲೆಯೊಡ್ಡಿ ಕೂರುತ್ತದೆ. ಇರುವೆಯೋ ನೊಣವೋ ಹತ್ತಿರ ಬಂದರೆ ಗಬಕ್ಕನೆ ಹಿಡಿಯುತ್ತದೆ. ಬೇಟೆ ಎಳೆದಾಡಿದರೂ ಬೆನ್ನಿನ ಕೊಕ್ಕೆಗಳು ಬಿಲದ ಗೋಡೆಗೆ ಕಚ್ಚಿಕೊಂಡಿರುತ್ತವೆ. ಹೀಗೆ ಸುಮಾರು ಎರಡು ವರ್ಷ ಒಂದೇ ಜಾಗ. ಅಷ್ಟೂ ದಿನ ಆ ಮಣ್ಣು ಬೋಳಾಗಿ, ತೇವವಾಗಿ, ಉಪ್ಪಾಗಿಯೇ ಇರಬೇಕು.

ಅಂಥ ಮಣ್ಣನ್ನೇ ನಾವು ಕಳೆದುಕೊಂಡದ್ದು. ಸಾಲ್ಟ್ ಕ್ರೀಕ್ ಹಳ್ಳವನ್ನು ನೇರಗೊಳಿಸಿದಾಗ ನೀರಿನ ಓಟ ಹೆಚ್ಚಿ ತಳ ಕೊರೆಯಿತು. ಹಳ್ಳ ಆಳಕ್ಕಿಳಿದಂತೆ ಸುತ್ತಲಿನ ಅಂತರ್ಜಲವೂ ಬಸಿಯಿತು, ಉಪ್ಪುನೀರು ಮೇಲಕ್ಕೆ ಜಿನುಗುವುದು ಕಡಿಮೆಯಾಯಿತು. ಊರಿನ ಚರಂಡಿಯ ಸಿಹಿನೀರು, ಹೊಲದ ಹೂಳು ಬಂದು ಬಿದ್ದಲ್ಲಿ ಉಪ್ಪು ಸಪ್ಪೆಯಾಗಿ ಜೊಂಡು ನುಗ್ಗುತ್ತದೆ. ಜೊಂಡಿನ ಬೇರು ಹೆಣೆದ ನೆಲದಲ್ಲಿ ಬಿಲಕ್ಕೆ ಜಾಗವೆಲ್ಲಿ? ಕಾನೂನಿನಂತೆ ಗುರುತಿಸಿದ ನೆಲೆಯೂ 2010ರಲ್ಲಿ 1,933 ಎಕರೆ ಇದ್ದದ್ದು 2014ರಲ್ಲಿ 1,110 ಎಕರೆಗೆ ಇಳಿದಿದೆ.

ಇದ್ದ ಕೆಲವೇ ನೂರು ಜೀರುಂಡೆಗಳಿಂದ ಮೊಟ್ಟೆಯಿಡುವ ಹೆಣ್ಣುಗಳನ್ನು ಎತ್ತಿ, ಅವುಗಳ ಮರಿಗಳನ್ನು ಇಂಥ ಸಪ್ಪೆ ನೆಲಕ್ಕೆ ಸುರಿಯುವುದು ನನ್ನ ಪ್ರಕಾರ ತಪ್ಪು. ಮೊದಲು ತಳ ಕೊರೆಯದಂತೆ ಹಳ್ಳಕ್ಕೆ ಕಲ್ಲಿನ ಅಡ್ಡಗಟ್ಟೆ ಹಾಕಿ, ಹೂಳು ತೆಗೆದು, ಉಪ್ಪುನೀರು ನೆಲಮಟ್ಟಕ್ಕೆ ಬರುವಂತೆ ಮಾಡಿ. ಜೌಗಿನ ಅಂಚಿನ ದೀಪಗಳಿಗೆ ಮರೆ ಕಟ್ಟಿ; ಹೆಣ್ಣು ಮೊಟ್ಟೆಯಿಡುವುದು ರಾತ್ರಿ, ಬೆಳಕು ಕಂಡರೆ ಅದು ದಂಡೆ ಬಿಟ್ಟು ಅತ್ತ ಹೋಗುತ್ತದೆ. ಇಷ್ಟಾದ ಮೇಲೆ ಕೊಳವೆಗಳನ್ನು ತನ್ನಿ, ಬಿಲ ತೋಡಲು ನೆಲ ಸಿದ್ಧವಿರುತ್ತದೆ.