ಮೂರು ಗಂಟೆಗೆ ಬಾ ಎಂದರೆ ಒಂಬತ್ತಕ್ಕೆ ಹೋಗಬೇಕು

ಆಳಂದ ಕಡೆಯ ನರ್ಸ್ ತಂಗಿಯೊಬ್ಬಳು ಮುಂದಿನ ತಿಂಗಳು ಮಿಷನ್ ಸ್ವಯಂಸೇವಕಿಯಾಗಿ ತಾಂಜಾನಿಯಾಕ್ಕೆ ಹೊರಟಿದ್ದಾಳೆ. ಅಲ್ಲಿ ಎರಡು ವರ್ಷ ಇದ್ದು ಬಂದವನೆಂದು ನನಗೆ ಫೋನ್ ಮಾಡಿ, "ಅಣ್ಣಾ, ಏನೇನು ಒಯ್ಯಲಿ ಹೇಳ್ರಿ" ಎಂದಳು. ಸೊಳ್ಳೆ ಪರದೆ, 'ಸಿ' ದರ್ಜೆಯ ವಾಸ ಪರವಾನಗಿಯ ಕಾಗದಗಳು, ಶೇಂಗಾ ಹಿಂಡಿ ಎಂದು ಹೇಳಿ ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಎನ್ನಿಸಿತು. ಆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಅವಳಿಗೆ ಎಷ್ಟೋ, ಹಾರ ಹಾಕಿ ಬೀಳ್ಕೊಡುವ ನಮ್ಮ ಕಥೋಲಿಕ ಧರ್ಮಕೇಂದ್ರಗಳಿಗೂ, ಅಂದರೆ ಊರೂರಿನ ಚರ್ಚುಗಳಿಗೂ, ಅಷ್ಟೇ.

2018ರಲ್ಲಿ ನಾನು ಕಲಬುರಗಿಯಿಂದ ಹೊರಟಾಗಲೂ ಭಾನುವಾರದ ಪೂಜೆಯ ಕೊನೆಗೆ ಎಲ್ಲರೆದುರು ನಿಲ್ಲಿಸಿ, ಬಡವರ ಸೇವೆಗೆ ಹೊರಟ ಹುಡುಗ ಎಂದು ಹೊಗಳಿದ್ದರು. ನನ್ನ ಕೆಲಸ ಲ್ಯಾಬ್ ಟೆಕ್ನಿಷಿಯನ್ನಿನದು. ಹೋದದ್ದು ದಕ್ಷಿಣದ ಮ್ಟ್ವಾರಾ ಪ್ರಾಂತಕ್ಕೆ. ಜರ್ಮನಿಯ ಬೆನೆಡಿಕ್ಟಿನ್ ಎಂಬ ಕಥೋಲಿಕ ಪಂಗಡದ ಸಂನ್ಯಾಸಿಗಳು 1906ರಲ್ಲಿ ನೆಲೆಯೂರಿದ ಎನ್‌ಡಾಂಡಾ ಎಂಬ ಊರಿರುವುದು ಅದೇ ಪ್ರಾಂತದಲ್ಲಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮೊದಲ ವಾರವೇ ಒಂದು ವಿಷಯ ಖಾತ್ರಿಯಾಯಿತು: ನಾನು ವರ್ಷವಿಡೀ ನೋಡದಷ್ಟು ಮಲೇರಿಯಾ ಸ್ಲೈಡುಗಳನ್ನು ಅಲ್ಲಿಯ ಟೆಕ್ನಿಷಿಯನ್ ಒಂದೇ ವಾರದಲ್ಲಿ ನೋಡುತ್ತಿದ್ದ. ಕಲಿಸಲು ಹೋದವನು ಅವನ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ.

ಕೆಲಸ ಹೇಗೋ ನಡೆಯಿತು, ಮಾತು ನಡೆಯಲಿಲ್ಲ. ಅಲ್ಲಿ ನೆರೆಹೊರೆಯ ಹತ್ತಾರು ಕಥೋಲಿಕ ಮನೆಗಳವರು ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ ಶುಭಸಂದೇಶ ಓದುತ್ತಾರೆ, ಯಾರಿಗೆ ಕಾಯಿಲೆ, ಯಾರ ಮಗುವಿನ ಫೀಜು ಬಾಕಿ ಎಂದು ವಿಚಾರಿಸುತ್ತಾರೆ. ಇದಕ್ಕೆ 'ಜುಮುಯಿಯಾ' ಎನ್ನುತ್ತಾರೆ. 1970ರ ದಶಕದಲ್ಲಿ ಪೂರ್ವ ಆಫ್ರಿಕಾದ ಧರ್ಮಾಧ್ಯಕ್ಷರು (ಬಿಷಪ್ಪರು) ಇಂಥ ಸಣ್ಣ ಕೂಟಗಳನ್ನೇ ಧರ್ಮಸಭೆಯ ಬುನಾದಿ ಮಾಡಿಕೊಂಡರು. ನನ್ನನ್ನು 'ಸಾ ತಾತು', ಅಂದರೆ ಮೂರು ಗಂಟೆಗೆ ಕರೆದಿದ್ದರು. ಮಧ್ಯಾಹ್ನ ಮೂರಕ್ಕೆ ಇಸ್ತ್ರಿ ಅಂಗಿ ತೊಟ್ಟು ಹೋದರೆ ಅಂಗಳದಲ್ಲಿ ಕೋಳಿಗಳಷ್ಟೇ ಇದ್ದವು. ಅಲ್ಲಿಯ ಭಾಷೆ ಸ್ವಾಹಿಲಿ; ಸ್ವಾಹಿಲಿ ಗಡಿಯಾರದಲ್ಲಿ ಎಣಿಕೆ ಶುರುವಾಗುವುದು ಬೆಳಿಗ್ಗೆ ಆರಕ್ಕೆ, ಆದ್ದರಿಂದ ಅವರ ಮೂರು ನಮ್ಮ ಒಂಬತ್ತು. "ಹೊತ್ತು ಹೊಂಟು ಮೂರು ತಾಸಾತು" ಎನ್ನುತ್ತಿದ್ದ ನಮ್ಮಜ್ಜಿಯ ಲೆಕ್ಕವೂ ಇದೇ ಆಗಿತ್ತಲ್ಲ! ಆ ಮನೆಯ ಮುದುಕಿ ನಗದೆ ಒಳಗೆ ಹೋಗಿ, ನನ್ನ ಪಾಲಿಗೆಂದು ಮುಚ್ಚಿಟ್ಟಿದ್ದ ಉಗಾಲಿ, ದಂಟಿನ ಸೊಪ್ಪಿನ ಪಲ್ಯ ತಂದಿಟ್ಟಳು. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಸಂಗಟಿ. ಅದಕ್ಕೆ ಒಗ್ಗಿಕೊಳ್ಳಲು ನಮಗೇನೂ ಕಷ್ಟವಿಲ್ಲ.

ಹಿರಿಯರಿಗೆ ಅಲ್ಲಿ 'ಶಿಕಾಮೊ' ಎನ್ನಬೇಕು, 'ನಿಮ್ಮ ಪಾದ ಹಿಡಿದೆ' ಎಂಬುದು ಅದರ ಮೂಲ ಅರ್ಥ. ಅವರು 'ಮರಹಾಬಾ' ಎನ್ನುತ್ತಾರೆ. ನಾನು ಒಮ್ಮೆ ಹತ್ತು ವರ್ಷದ ಹುಡುಗನಿಗೆ ಶಿಕಾಮೊ ಎಂದಾಗ ಇಡೀ ಓಣಿಯೇ ಬಿದ್ದು ಬಿದ್ದು ನಕ್ಕಿತು. ಆಗ ನೆನಪಾದವರು ನಮ್ಮ ಶಾಲೆಯ ಸಿಸ್ಟರ್. ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಕಲಬುರಗಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ. ಅದಕ್ಕೂ ಮೊದಲಿನಿಂದ ನಮ್ಮ ಭಾಗಕ್ಕೆ ಕರಾವಳಿಯಿಂದ, ಕೇರಳದಿಂದ ಫಾದರ್, ಸಿಸ್ಟರ್‌ಗಳು ಬರುತ್ತಲೇ ಇದ್ದಾರೆ. ಮಂಗಳೂರು ಕಡೆಯ ಆ ಸಿಸ್ಟರ್ ಪುಸ್ತಕದ ಕನ್ನಡದಲ್ಲಿ "ಬನ್ನಿ ಮಕ್ಕಳೇ" ಎಂದರೆ ನಾವು ಹಿಂದಿನಿಂದ ಅಣಕಿಸುತ್ತಿದ್ದೆವು, ನಮ್ಮ "ಬರ್ಲಾಕತ್ತೀನ್ರೀ" ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಬಿಸಿಲು, ನಮ್ಮ ನೀರು, ನಮ್ಮ ನಗೆ, ಎಲ್ಲವನ್ನೂ ಅವರು ಹೇಗೆ ತಾಳಿಕೊಂಡರೆಂದು ಕೇಳಲು ಈಗ ಅವರಿಲ್ಲ.

ಅಲ್ಲಿ ಭಾರತೀಯನೆಂದರೆ 'ಮ್ಹಿಂದಿ', ಮ್ಹಿಂದಿ ಎಂದರೆ ಅಂಗಡಿಯವನು. ಕಥೋಲಿಕ ಮ್ಹಿಂದಿಯನ್ನು ಕಂಡು ಅವರಿಗೆ ಅಚ್ಚರಿ. ಇದು ನನಗೆ ಹೊಸದಲ್ಲ. ಹೆಸರು ಹೇಳಿದ ಕೂಡಲೇ "ನೀವು ಮಂಗಳೂರಿನವ್ರೇನ್ರಿ?" ಎಂದು ಕಲಬುರಗಿಯಲ್ಲೇ ಎಷ್ಟು ಸಲ ಕೇಳಿಸಿಕೊಂಡಿಲ್ಲ!

ಆದರೆ ನನ್ನ ಸೇವೆಯ ಹಮ್ಮು ಪೂರ್ತಿ ಇಳಿದದ್ದು ತೊಗರಿಯಿಂದ. ಅಲ್ಲಿ ಅದಕ್ಕೆ 'ಎಂಬಾಜಿ' ಎನ್ನುತ್ತಾರೆ. ಬೆಳೆಯುವುದು ಹೆಚ್ಚಾಗಿ ಭಾರತಕ್ಕೆ ಮಾರಲೆಂದೇ. "ನಿಮ್ಮ ದೇಶ ನಮ್ಮ ಎಂಬಾಜಿ ಕೊಳ್ಳುವುದನ್ನು ಯಾಕೆ ನಿಲ್ಲಿಸಿತು?" ಎಂದು ಒಬ್ಬ ಮುದುಕ ನೇರವಾಗಿ ಕೇಳಿದ. ಮನೆಗೆ ತಗಡು ಹಾಕಿಸಬೇಕೆಂದು ನೆಚ್ಚಿಕೊಂಡಿದ್ದ ಬೆಳೆ ಮಣ್ಣಿನ ಬೆಲೆಗೂ ಹೋಗಿರಲಿಲ್ಲ. ನನಗೆ ಕಾರಣ ಗೊತ್ತಿತ್ತು. 2016-17ರಲ್ಲಿ ನಮ್ಮಲ್ಲಿ ತೊಗರಿ ಭರಪೂರ ಬೆಳೆದು, ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಕುಸಿದಾಗ, ನಮ್ಮಪ್ಪ ಖರೀದಿ ಕೇಂದ್ರದ ಮುಂದೆ ಚೀಲಗಳ ಮೇಲೆಯೇ ಮಲಗಿದ್ದರು. ಆಮದು ನಿಲ್ಲಲಿ ಎಂದು ಬಯಸಿದವರಲ್ಲಿ ಅವರೂ ಒಬ್ಬರು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ನಮ್ಮ ಮನೆಯಲ್ಲಿ ಸಮಾಧಾನ, ಈ ಮುದುಕನ ಮನೆಯಲ್ಲಿ ಸೋರುವ ಮಾಡು.

ಇದೆಲ್ಲವನ್ನೂ ನನ್ನ ಹರುಕು ಸ್ವಾಹಿಲಿಯಲ್ಲಿ ಹೇಳಿದೆ. ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಆತ ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪನಿಗೆ ಎಷ್ಟು ಎಕರೆ?" ಎಂದು ಕೇಳಿದ. ಆಮೇಲಿನ ಮಾತೆಲ್ಲ ಕಾಯಿಕೊರಕ, ಮಳೆ, ಸಾಲ. ಮರುದಿನದಿಂದ ಅವನ ಬಾಯಲ್ಲಿ ನಾನು ಮ್ಹಿಂದಿ ಆಗಿರಲಿಲ್ಲ, ಎಂಬಾಜಿ ಬೆಳೆಗಾರನ ಮಗ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಸ್ವಯಂಸೇವಕರನ್ನು ಕಳಿಸುವವರು ಮೊದಲ ಆರು ತಿಂಗಳು ಅವರಿಗೆ ಯಾವ ಹೊಣೆಯನ್ನೂ ಕೊಡದೆ ಭಾಷೆ ಕಲಿಯಲು ಬಿಡಬೇಕು. ಅಷ್ಟು ದಿನದ ಖರ್ಚು ದಂಡವೆಂದು ವಾದಿಸುವವರನ್ನು ಕಂಡಿದ್ದೇನೆ. ಮಾತು ಬಾರದವನು ಎರಡು ವರ್ಷ ಮಾಡುವ ಕೆಲಸ ಅದಕ್ಕಿಂತ ದೊಡ್ಡ ದಂಡ. ಇನ್ನೊಂದು, ಬರಿಗಾಲ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ತೆಗೆದ ಫೋಟೊವನ್ನು ಊರಿಗೆ ಕಳಿಸಬಾರದು. ನಾನೂ ಒಂದು ಕಳಿಸಿದ್ದೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿಯಿಂದ ಈಚೆಗೆ 'ಅತ್ಯಂತ ಹಿಂದುಳಿದ ತಾಲೂಕಿನವರು' ಎಂದು ಕರೆಸಿಕೊಂಡೇ ಬೆಳೆದ ನಮಗೆ, ಹಾಗೆ ತೋರಿಸಿಕೊಳ್ಳುವುದು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿನ್ನೆ ಆ ತಂಗಿಗೆ ನನ್ನ ಹಳೆಯ ನೋಟ್‌ಬುಕ್ ಕಳಿಸಿದೆ. ಸ್ವಾಹಿಲಿ ಮಾತುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡದ್ದು, ಅರ್ಧ ತಪ್ಪಿದೆ. ಮೊದಲ ಪುಟದಲ್ಲಿ ಒಂದು ಗಡಿಯಾರ ಬಿಡಿಸಿದ್ದೇನೆ, ಒಂಬತ್ತು ಇರುವ ಜಾಗದಲ್ಲಿ ಮೂರು ಎಂದು ಬರೆದು.