ಸೈಕಲ್ಲಿಗೇನು ಕೊಂಬಿದೆಯಾ?

ಮೊನ್ನೆ ಶನಿವಾರ ಬೆಳಿಗ್ಗೆ ಚಿಕ್ಕಮಗಳೂರಿನ ಹನುಮಂತಪ್ಪ ಸರ್ಕಲ್ ಹತ್ತಿರ ನನ್ನ ಸೈಕಲ್ ಹಿಂದೆ ಒಂದು ಕಾರು ಬಂದು ಬಾಯಿ ಬಡಿದುಕೊಳ್ಳತೊಡಗಿತು. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಅರ್ಧ ಕೆಜಿ ಬೀನ್ಸ್, ಎರಡು ಕಟ್ಟು ಸಬ್ಬಸಿಗೆ. ಎಡಕ್ಕೆ ಸರಿಯೋಣ ಅಂದರೆ ಅಲ್ಲಿ ಒಂದು ಸಾಲು ಬೈಕು, ಬೈಕಿಗೆ ಒರಗಿದಂತೆ ಒಂದು ಜೀಪು, ಜೀಪಿನಾಚೆ ಎಳನೀರು ಗಾಡಿ, ಅದರ ಪಕ್ಕ ಯಾರೋ ಮನೆ ಕಟ್ಟಿಸುವವರು ಸುರಿಸಿ ಮರೆತ ಜಲ್ಲಿ ರಾಶಿ. ಇವಕ್ಕೆ ಯಾರೂ ಹಾರ್ನ್ ಹೊಡೆಯುವುದಿಲ್ಲ. ಜಲ್ಲಿಗೆ ಹಾರ್ನ್ ಹೊಡೆದರೆ ಅದು ಸರಿಯುತ್ತಾ? ಸರಿಯುವವನು ನಾನೊಬ್ಬನೇ, ಹಾಗಾಗಿ ನನಗೇ ಹಾರ್ನ್.

ಕೊನೆಗೆ ಕಾರಿನವರು ಪಕ್ಕಕ್ಕೆ ಬಂದು ಗಾಜು ಇಳಿಸಿದರು. "ರೀ ಸ್ವಾಮಿ, ರೋಡ್ ಟ್ಯಾಕ್ಸ್ ಕಟ್ಟೋರು ನಾವು. ನೀವು ಕಟ್ತೀರಾ?"

ಒಳ್ಳೆ ಪ್ರಶ್ನೆ. ಹಿಂದೆ ಕಟ್ಟುತ್ತಿದ್ದೆವು. ಮುನ್ಸಿಪಾಲ್ಟಿಯವರು ದುಡ್ಡು ಇಸಿದುಕೊಂಡು ತಗಡಿನ ಬಿಲ್ಲೆ ಕೊಡುತ್ತಿದ್ದರು, ಅದನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಓಡಾಡಬೇಕಿತ್ತು. ರಾತ್ರಿ ಲೈಟಿಲ್ಲದೆ ಹೋದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಆಹಾ, ಆಗ ಸೈಕಲ್ಲಿಗೂ ಒಂದು ಮರ್ಯಾದೆ ಇತ್ತು ನೋಡಿ. ಈಗ ಬಿಲ್ಲೆ ಹೋಯಿತು, ಆದರೆ ಸೈಕಲ್ ಕೊಳ್ಳುವಾಗ ಜಿಎಸ್‌ಟಿ ಇದ್ದೇ ಇದೆ (2025ರ ಸೆಪ್ಟೆಂಬರ್‌ವರೆಗೆ 12 ಪರ್ಸೆಂಟ್ ಇತ್ತು, ಆಮೇಲೆ 5 ಆಯಿತು), ಮನೆ ಕಂದಾಯ ನಗರಸಭೆಗೆ ಹೋಗುತ್ತದೆ, ಮೇಲಾಗಿ ನನ್ನದೂ ಒಂದು ಕಾರಿದೆ, ಅದಕ್ಕೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿ ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ. ಇಷ್ಟನ್ನೂ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಕಾರು ಮುಂದೆ ಹೋಯಿತು.

ಆಗ ಕಂಡಿತು. ಕಾರಿನ ಬೆನ್ನಿಗೆ ಬೆಲ್ಟು ಬಿಗಿದು ಎರಡು ಸೈಕಲ್ ಕಟ್ಟಿದ್ದರು! ಫಳಫಳ ಹೊಳೆಯುವ, ಚೂರೂ ಮಣ್ಣು ತಾಗದ ಸೈಕಲ್ಲು. ಯಾರ ಬೈಗುಳವೂ ಇಲ್ಲದೆ ಎಷ್ಟು ನೆಮ್ಮದಿಯಾಗಿ ಹೋಗುತ್ತಿದ್ದವು ಅಂತೀರಿ.

ಅವು ಭಾನುವಾರ ಬೆಳಿಗ್ಗೆ ಕೈಮರದ ಹತ್ತಿರ ನೆಲಕ್ಕಿಳಿಯುತ್ತವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಬೇಕಲ್ಲ. ಮೈಗಂಟಿದ ಬಟ್ಟೆ, ಬೆನ್ನ ಜೇಬಿನಲ್ಲಿ ಬಾಳೆಹಣ್ಣು, ಮೂವರು ಅಕ್ಕಪಕ್ಕ ಮಾತಾಡಿಕೊಂಡು ಪೂರಾ ರಸ್ತೆ ಹಿಡಿದು ಹೊರಡುತ್ತಾರೆ. ಹಿಂದೆ ಎಸ್ಟೇಟ್ ಜೀಪಿನವನು ಹಾರ್ನ್ ಹೊಡೆದರೆ, "ರಸ್ತೆ ನಿಮ್ಮಪ್ಪಂದಾ? ಸೈಕಲ್ಲಿಗೂ ಹಕ್ಕಿದೆ ಕಣ್ರೀ" ಅನ್ನುತ್ತಾರೆ. ನೂರಕ್ಕೆ ನೂರು ನಿಜ. ಆ ಹಕ್ಕು ಮಧ್ಯಾಹ್ನ ಹನ್ನೆರಡಕ್ಕೆ ಸೈಕಲ್ ಜೊತೆಗೇ ಕಾರಿನ ಬೆನ್ನೇರುತ್ತದೆ. ಇಳಿಯುವಾಗ ಎದುರಿಗೆ ಏದುಸಿರು ಬಿಡುತ್ತ ಹತ್ತುವ ಇನ್ನೊಬ್ಬ ಸೈಕಲ್ಲಿನವನು ಸಿಕ್ಕರೆ ಹೆಡ್‌ಲೈಟ್ ಮಿಟುಕಿಸಿ ಚರಂಡಿಗೆ ಇಳಿಸುತ್ತಾರೆ. ಇಕ್ಕಟ್ಟಿನ ಬೆಟ್ಟದ ದಾರಿಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಅಂತ ನಿಯಮ ಇದೆ. ಆದರೆ ಅದನ್ನೆಲ್ಲ ಓದಲು ಟೈಮೆಲ್ಲಿ, ಭಾನುವಾರ ಒಂದೇ ರಜ ಅಲ್ವಾ?

ದಿನಾ ಸೈಕಲ್ ತುಳಿಯುವ ಹಾಲಿನವನು, ಪೇಪರ್ ಹಾಕುವ ಹುಡುಗ ಈ ಜಗಳಕ್ಕೆ ಬರುವುದೇ ಇಲ್ಲ. ಅವರಿಗೆ ಟೈಮಿಲ್ಲ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು, ನೆನಪಿದೆಯಾ? ಸೈಕಲ್ ಕೊಟ್ಟರು. ಎಲ್ಲಿ ಓಡಿಸಬೇಕು ಅಂತ ಮಾತ್ರ ಹೇಳಲಿಲ್ಲ.

2017ರ ಚಾಲನಾ ನಿಯಮಗಳಲ್ಲಿ ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವಯಸ್ಸಾದವರ ಬಗ್ಗೆ ಗಾಡಿ ಓಡಿಸುವವರು ಜಾಸ್ತಿ ಎಚ್ಚರ ವಹಿಸಬೇಕು ಅಂತ ಬರೆದಿದ್ದಾರೆ. ಆ ಸಾಲಿನಲ್ಲಿ ಹಸುವಿನ ಹೆಸರಿಲ್ಲ. ಆದರೂ ನಮ್ಮೂರಿನಲ್ಲಿ ಆ ನಿಯಮ ಚಾಚೂ ತಪ್ಪದೆ ಪಾಲನೆಯಾಗುವುದು ಹಸುವಿನ ವಿಷಯದಲ್ಲಿ ಮಾತ್ರ. ಹಸು ಟ್ಯಾಕ್ಸ್ ಕಟ್ಟಲ್ಲ, ಹೆಲ್ಮೆಟ್ ಹಾಕಲ್ಲ, ಕೈ ತೋರಿಸದೆ ತಿರುಗುತ್ತದೆ. ಅದಕ್ಕೆ ಕೊಂಬಿದೆ, ನನಗಿಲ್ಲ. ಅಷ್ಟೇ ವ್ಯತ್ಯಾಸ.

ಹಾಗಾಗಿ ಸೋಮವಾರ ಐ.ಜಿ. ರಸ್ತೆಯಲ್ಲಿ ಒಂದು ಕಂದು ಹಸು ಸಿಕ್ಕಿದ್ದೇ ತಡ, ಅದರ ಹಿಂದೆಯೇ ಮೆಲ್ಲಗೆ ಸೈಕಲ್ ತುಳಿದೆ. ಏನು ಹೇಳಲಿ, ಇಡೀ ರಸ್ತೆ ನಮ್ಮಿಬ್ಬರದೇ! ಕಾರು, ಬಸ್ಸು, ಆಟೋ ಎಲ್ಲ ಬಳಸಿಕೊಂಡು ಹೋದವು. ಒಂದು ಬೇಕರಿ ಮುಂದೆ ಹಸು ನಡುರಸ್ತೆಯಲ್ಲಿ ಮಂಡಿಯೂರಿ ಮಲಗಿತು. ನಾನೂ ಕಾಲೂರಿ ನಿಂತೆ. ಹಿಂದೆ ಏಳೆಂಟು ಗಾಡಿ ನಿಂತವು. ಒಬ್ಬರಾದರೂ ಹಾರ್ನ್ ಹೊಡೆಯಬೇಕಲ್ಲ, ಉಹುಂ.

ಮುಂದಿನ ಕಾರಿನವರು ಗಾಜು ಇಳಿಸಿ ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ಹಸು ನಿಮ್ದಾ?"

ಹೌದು ಅಂದುಬಿಟ್ಟೆ.