ಹೊಸಬನೂ ಹತ್ತರ ಸ್ಪ್ಯಾನರೂ
ಮೈಸೂರು ರಸ್ತೆಯ ಬೈಕ್ ಶೋರೂಮೊಂದರಲ್ಲಿ ಸಹಾಯಕನಾಗಿ ಸೇರಿದ 11 ದಿನಗಳಲ್ಲಿ ನಾನು ಕಲಿತ ಏಕೈಕ ವಿದ್ಯೆಯೆಂದರೆ, ಕಾಣೆಯಾದ 10 ಎಂ.ಎಂ. ಸ್ಪ್ಯಾನರನ್ನು ಹುಡುಕುವುದು. ಬ್ಯಾಟರಿ ಟರ್ಮಿನಲ್ ಬಿಚ್ಚಲೂ ಅದೇ, ಕೇಬಲ್ ಬಿಗಿ ಮಾಡಲೂ ಅದೇ. ಇರಬೇಕಾದ ಜಾಗದಲ್ಲಿ ಮಾತ್ರ ಅದು ಎಂದೂ ಇರುವುದಿಲ್ಲ. ಕಳ್ಳ ಯಾರು? ಹೊಸಬನಲ್ಲದೆ ಇನ್ನಾರು! 180 ಕೆ.ಜಿ.ಗೂ ಮೀರಿ ತೂಗುವ 350 ಸಿ.ಸಿ. ಗಾಡಿಗಳನ್ನು ಬೆಳಿಗ್ಗೆ ಒಂದೊಂದಾಗಿ ಹೊರಗೆ ತಳ್ಳಿ, ಒರೆಸಿ, ರಾತ್ರಿ ಅವನ್ನೇ ಮತ್ತೆ ಒಳಗೆ ತಳ್ಳುವವನಿಗೆ ಕದಿಯಲು ಪುರುಸೊತ್ತಾದರೂ ಎಲ್ಲಿದೆ? ಇಂದು ಜೆ.ಸಿ. ರಸ್ತೆಯಿಂದ ನನ್ನ ದುಡ್ಡಿನಲ್ಲೇ ಹೊಸದೊಂದನ್ನು ತಂದಿಟ್ಟು, ಎಲ್ಲರಿಗೂ ಟೀ ತರಲು ಹೋಗಿ ಬರುವಷ್ಟರಲ್ಲಿ (ಅದೂ ನನ್ನದೇ ಕೆಲಸವಂತೆ) ಅದೂ ಮಾಯ! ಹಿರಿಯ ಮೆಕ್ಯಾನಿಕ್ ಅಣ್ಣನ ಎಣ್ಣೆಗಪ್ಪಿನ ಜೇಬಿನಿಂದ ಅದರ ಹೊಳೆಯುವ ತುದಿ ಇಣುಕುತ್ತಿತ್ತು. ಅಣ್ಣ ನನ್ನತ್ತ ತಿರುಗಿ ಗದರಿದರು: "ಹತ್ತರ ಸ್ಪ್ಯಾನರ್ ಎಲ್ಲಿಟ್ಟೆಯೋ?"